ದನದ ಡಾಕ್ಟರನ್ನ ಕೇಳ್ರಿ: ಖಂಡ ಬಿಟ್ಟವನ ರೊಟ್ಟಿ

ಪ್ರಶ್ನೆ: ಸಾಹೇಬ್ರ, ನಮ್ಮದು ಕುರಿ ಸಾಕುವ ಮನೆತನ, ನೂರಾ ಹತ್ತು ಕುರಿ ಇವೆ. ನನಗೆ ಇಪ್ಪತ್ತಮೂರು ವರ್ಷ, ಬಿ.ಎಸ್ಸಿ. ಆಗಿದೆ. ತಾಯಿ ಸತ್ತ ಒಂದು ಮರಿಯನ್ನು ಬಾಟಲಿ ಹಾಲು ಕುಡಿಸಿ ನಾನೇ ಬೆಳೆಸಿದ್ದೆ. ಹೋದ ವರ್ಷ ಆ ಟಗರನ್ನು ಅಪ್ಪ ಅಮೀನಗಡದ ಸಂತೆಯಲ್ಲಿ ಮಾರಿದರು. ಟೆಂಪೊ ಹತ್ತಿಸಿದ ಮೇಲೂ ಅದು ನನ್ನ ಕಡೆಗೇ ನೋಡುತ್ತಿತ್ತು. ಅವತ್ತಿನಿಂದ ಖಂಡ ಮುಟ್ಟಿಲ್ಲ. ‘ಮನುಷ್ಯನೂ ಒಂದು ಪ್ರಾಣಿ, ಉಳಿದ ಪ್ರಾಣಿಗಳನ್ನು ತಿನ್ನುವ ಹಕ್ಕು ನಮಗೆ ಯಾರು ಕೊಟ್ಟರು?’ ಎಂದು ಕೇಳಿದರೆ ಅಪ್ಪ ನಗುತ್ತಾರೆ: ‘ನೀ ತಿನ್ನೋ ರೊಟ್ಟಿ ಏನು ಗಾಳ್ಯಾಗ ಬೆಳದೈತೇನು? ಆ ಹೊಲಕ್ಕ ನಮ್ಮ ಕುರಿ ಹಿಕ್ಕಿನ ಬಿದ್ದೈತಿ.’ ನಾನು ಸೊರಗುತ್ತೇನೆಂದು ಅವ್ವನ ಚಿಂತೆ. ಯಾರ ಮಾತು ಸರಿ?
— ಹೆಸರು ಬೇಡ, ಹುನಗುಂದ ತಾಲ್ಲೂಕು

ಉತ್ತರ: ತಮ್ಮಾ, ನಿಮ್ಮಪ್ಪನ ಮಾತಿನಿಂದಲೇ ಶುರು ಮಾಡುತ್ತೇನೆ, ನಿನ್ನ ಮಾತಿಗಿಂತ ಅದೇ ಗಟ್ಟಿ ಇದೆ. ಸುಗ್ಗಿ ಮುಗಿದ ಮೇಲೆ ಎರೆಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಂಡು ರೈತರು ಕುರುಬರಿಗೆ ಕಾಳು ಕೊಡುತ್ತಾರೆ, ರೊಕ್ಕ ಕೊಡುತ್ತಾರೆ. ಊರಿನ ಶಾಕಾಹಾರಿಗಳೂ ಆ ಹೊಲದ ಜೋಳವನ್ನೇ ತಿನ್ನುವುದು. ಹಾಲಿನ ಕಥೆ ಇನ್ನೂ ತೊಡಕಿನದು. ಎಮ್ಮೆ ಹಿಂಡಬೇಕಾದರೆ ಅದು ಈಯಬೇಕು, ಈದದ್ದು ಗಂಡಾದರೆ ಅದನ್ನು ಸಾಕುವವರು ಯಾರು? ಟ್ರ್ಯಾಕ್ಟರ್ ಬಂದ ಮೇಲೆ ಹೋರಿಗರುವಿಗೂ ಅದೇ ಗತಿ. ಮೂವತ್ತು ವರ್ಷ ಕೊಟ್ಟಿಗೆ ತಿರುಗಿದವನಿಗೆ ಈ ಲೆಕ್ಕ ಗೊತ್ತು. ಹಾಗಾಗಿ ತಾಟು ಬದಲಾದ ಮಾತ್ರಕ್ಕೆ ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ ಹತ್ತಿದೆ ಅಂದುಕೊಳ್ಳಬೇಡ. (ದಯೆಯ ವಚನವನ್ನೂ ಬರೆದು ಕಳಿಸಿದ್ದೀಯ. ಕೂಡಲಸಂಗಮದ ಆಸುಪಾಸಿನವರು ನೀವು, ನಿಮ್ಮಪ್ಪನಿಗೆ ಅದು ನಿನಗಿಂತ ಮೊದಲೇ ಬಾಯಿಪಾಠ ಇರುತ್ತದೆ.)

ಮನುಷ್ಯನೂ ಪ್ರಾಣಿ ಎಂಬುದರಲ್ಲಿ ತಕರಾರಿಲ್ಲ. ಡಾರ್ವಿನ್ ಬರುವುದಕ್ಕೆ ನೂರು ವರ್ಷ ಮೊದಲೇ, 1758ರಲ್ಲಿ, ಜೀವಿಗಳನ್ನೆಲ್ಲ ವರ್ಗ ಮಾಡಿ ಹೆಸರಿಟ್ಟ ಲಿನೇಯಸ್ ಎಂಬ ವಿಜ್ಞಾನಿ ಮನುಷ್ಯನನ್ನು ಮಂಗನ ಪಂಕ್ತಿಯಲ್ಲಿ ಕೂರಿಸಿದ್ದ. ಅದೇ ಪಂಕ್ತಿಯಲ್ಲಿ ಬಾವಲಿಯೂ ಇತ್ತು, ಅದನ್ನು ಮುಂದೆ ಎಬ್ಬಿಸಿ ಕಳಿಸಿದರು. ಆದರೆ ಈ ವಾದ ನಿನ್ನ ಪರವಾಗಿ ನಿಲ್ಲುವುದಿಲ್ಲ. ಯಡಹಳ್ಳಿ ಅಭಯಾರಣ್ಯದಲ್ಲಿ ಚಿಂಕಾರದ ಬೆನ್ನು ಹತ್ತುವ ತೋಳವನ್ನು ಕೇಳಿದರೆ ಅದೂ ‘ನಾನೂ ಪ್ರಾಣಿಯೇ’ ಅಂದೀತು. ಅದಕ್ಕೆ ಹಕ್ಕು ಕೊಟ್ಟವರೂ ಇಲ್ಲ, ಕಸಿದವರೂ ಇಲ್ಲ. ತೋಳಕ್ಕೆ ಬೇರೆ ತಾಟಿಲ್ಲ, ನಿನಗೆ ಇದೆ. ನಿನ್ನ ಬಲವೆಲ್ಲ ಅಷ್ಟರಲ್ಲೇ ಇದೆ.

ಟಗರು ನಿನ್ನ ಕಡೆ ನೋಡಿದ್ದು ಭ್ರಮೆ ಅಂತ ಯಾರಾದರೂ ಅಂದರೆ ನಂಬಬೇಡ. 2001ರಲ್ಲಿ ಇಂಗ್ಲೆಂಡಿನಲ್ಲಿ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು ಪರೀಕ್ಷೆ ಮಾಡಿದಾಗ ಕುರಿಗಳು ಬೇರೆ 50 ಕುರಿಗಳ ಮುಖವನ್ನು ಎರಡು ವರ್ಷದ ತನಕ ನೆನಪಿಟ್ಟುಕೊಂಡಿದ್ದವು. ಸಾಕಿದವರ ಮುಖದ ಗುರುತೂ ಅವಕ್ಕೆ ಸಿಗುತ್ತದೆ.

ನನ್ನದೂ ಒಂದು ಹೇಳಿಬಿಡುತ್ತೇನೆ. ನಾನು ಖಂಡ ತಿನ್ನುವ ಮನೆಯಲ್ಲೇ ಹುಟ್ಟಿದವನು. ಬೀಳಗಿ ಕಡೆ ಇದ್ದಾಗ ಒಂದು ರಾತ್ರಿ, ಮರಿ ಅಡ್ಡ ಸಿಕ್ಕಿದ್ದ ಕುರಿಯನ್ನು ಎರಡು ತಾಸು ಹೆಣಗಿ ಈಯಿಸಿದೆ. ಮರಿ ಹೊರಬಿದ್ದ ಕೂಡಲೇ ತಾಯಿ ಅದನ್ನು ನೆಕ್ಕಿತು, ನನ್ನ ಮೊಣಕೈ ತನಕ ಹತ್ತಿದ್ದ ನೀರನ್ನೂ ನೆಕ್ಕಿತು. ಪ್ರೀತಿಯಲ್ಲ ಅದು, ಗರ್ಭದ ನೀರಿನ ವಾಸನೆಗೆ ಈದ ಕುರಿ ಹಾಗೆ ಮಾಡುತ್ತದೆ, ಕಾಲೇಜಿನಲ್ಲಿ ಓದಿದ್ದೆ. ಮಾಲೀಕ ಬಿಡಲಿಲ್ಲ, ಊಟಕ್ಕೆ ಕೂರಿಸಿದ. ತಾಟಿನಲ್ಲಿ ಖಂಡದ ಸಾರು. ಉಣ್ಣಬೇಕಾದದ್ದು ಅದೇ ಕೈಯಿಂದ. ರೊಟ್ಟಿ ಉಳ್ಳಾಗಡ್ಡಿ ತಿಂದು ಎದ್ದೆ. ಅವತ್ತಿಗೆ ನನ್ನ ಹತ್ತಿರ ಯಾವ ತತ್ವವೂ ಇರಲಿಲ್ಲ, ಇವತ್ತಿಗೂ ಇದ್ದಂತಿಲ್ಲ.

ಇನ್ನು ಅವ್ವನ ಚಿಂತೆ. ಜೋಳದಲ್ಲಿ ಲೈಸಿನ್ ಎಂಬ ಪ್ರೋಟೀನಿನ ಅಂಶ ಕಡಿಮೆ, ಮಡಕಿ ಕಾಳು, ಹೆಸರು, ತೊಗರಿ ಅದನ್ನು ತುಂಬಿಕೊಡುತ್ತವೆ. ರೊಟ್ಟಿಗೆ ಕಾಳುಪಲ್ಯ ಕಟ್ಟಿದ ನಮ್ಮ ಅಜ್ಜಿಯರಿಗೆ ಲೈಸಿನ್ ಹೆಸರು ಬೇಕಿರಲಿಲ್ಲ. ಕೊರತೆ ಬೀಳುವುದು ಬಿ12 ಜೀವಸತ್ವ. ಕಾಳು ಸೊಪ್ಪಿನಲ್ಲಿ ಅದಿಲ್ಲ. ಲಿವರಿನಲ್ಲಿ ವರ್ಷಗಟ್ಟಲೆಯ ದಾಸ್ತಾನು ಇರುವುದರಿಂದ ತಕ್ಷಣ ಗೊತ್ತಾಗುವುದೂ ಇಲ್ಲ, ಕೈಕಾಲು ಜುಮುಜುಮು ಅನ್ನುವಾಗ ತಡವಾಗಿರುತ್ತದೆ. ಹಾಲು, ಮೊಸರು ಬಿಡಬೇಡ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸು, ಕಡಿಮೆ ಬಂದರೆ ಡಾಕ್ಟರು ಹೇಳಿದ ಗುಳಿಗೆ ನುಂಗು.

ಬಿ12 ಅನ್ನು ಕುರಿಯೂ ತಯಾರಿಸುವುದಿಲ್ಲ ನೋಡು. ಮೆಲುಕು ಹಾಕುವ ಅದರ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳ ಕೆಲಸ ಅದು. ಮೇವಿನಲ್ಲಿ ಕೋಬಾಲ್ಟ್ ಇಲ್ಲದಿದ್ದರೆ ಅವೂ ಕೈ ಚೆಲ್ಲುತ್ತವೆ, ಕುರಿ ಸೊರಗುತ್ತದೆ. ನಮ್ಮ ದೊಡ್ಡ ಕರುಳಿನಲ್ಲೂ ಅಂಥ ಜೀವಿಗಳಿವೆ. ಆದರೆ ಬಿ12 ಹೀರುವ ಜಾಗ ಸಣ್ಣ ಕರುಳಿನ ಕೊನೆಗೆ, ಅಂದರೆ ದೊಡ್ಡ ಕರುಳಿಗಿಂತ ಮೊದಲೇ ಆ ಜಾಗ ದಾಟಿಹೋಗಿರುತ್ತದೆ. ಬಸ್ಸು ಬಿಟ್ಟ ಮೇಲೆ ಸ್ಟ್ಯಾಂಡಿಗೆ ಬಂದಂತೆ. ಮನುಷ್ಯನೂ ಒಂದು ಪ್ರಾಣಿ ಅಂದಿದ್ದೆಯಲ್ಲ, ಕುರಿ ಸಾಲ ಮಾಡಿದ ಅಂಗಡಿಯಲ್ಲೇ ನಮ್ಮದೂ ಉದ್ರಿ ಇದೆ.

ಅಪ್ಪನ ಜೊತೆ ವಾದ ನಿಲ್ಲಿಸು. ಸಂಜೆ ಹಟ್ಟಿಗೆ ಬಂದ ನೂರಾ ಹತ್ತರಲ್ಲಿ ಯಾವುದು ಬಂದಿಲ್ಲ ಅಂತ ಎಣಿಸದೇ ಹೇಳುವ ಮನುಷ್ಯ ಅವರು. ಮಳೆಗಾಲಕ್ಕೆ ಮೊದಲು ಕರುಳುಬೇನೆ ಲಸಿಕೆ ಹಾಕಿಸುವುದು ಈ ಸಲ ನಿನ್ನ ಪಾಲಿಗಿರಲಿ. ಸಂತೆಗೆ ಒಯ್ಯುವಾಗ ಟೆಂಪೊದಲ್ಲಿ ಒತ್ತಿ ತುಂಬದಂತೆ ನೀನೇ ನಿಂತು ನೋಡಿಕೋ. ಖಂಡ ಬಿಟ್ಟವನು ಕುರಿಯನ್ನೂ ಬಿಟ್ಟು ಪ್ಯಾಟಿ ಸೇರಿದರೆ ಆ ಕುರಿಗೆ ಬಂದ ಲಾಭ ಏನು?

ಪ್ರಶ್ನೆ: ನಾವು ಶಾಕಾಹಾರಿಗಳು. ಮಗ ಮುಧೋಳ ನಾಯಿಮರಿ ತಂದಿದ್ದಾನೆ, ಬೆಕ್ಕು ಮೊದಲೇ ಇತ್ತು. ಎರಡಕ್ಕೂ ರೊಟ್ಟಿ ಹಾಲು ಅಷ್ಟೇ ಹಾಕಿದರೆ ನಡೆಯುತ್ತದೆಯೇ?
— ಗೃಹಿಣಿ, ವಿಜಯಪುರ

ಉತ್ತರ: ನಾಯಿಗೆ ಬಹುಮಟ್ಟಿಗೆ ನಡೆಯುತ್ತದೆ, ತಾಯಿ. ಮನುಷ್ಯನ ಜೊತೆ ಬಾಳಿ ಬಾಳಿ ಅದು ತೋಳಕ್ಕಿಂತ ಚೆನ್ನಾಗಿ ಪಿಷ್ಟ ಅರಗಿಸುತ್ತದೆ, 2013ರಲ್ಲಿ ಅದರ ವಂಶವಾಹಿಯಲ್ಲೇ ಇದು ಕಂಡಿದೆ. ಹಳ್ಳಿಯಲ್ಲಿ ಮುಧೋಳ ನಾಯಿ ಜೋಳ, ಹಾಲಿನ ಮೇಲೆ ಬೆಳೆಯುವುದನ್ನು ನಾನೇ ನೋಡಿದ್ದೇನೆ. ಬೆಳೆಯುವ ಮರಿ, ಒಪ್ಪಿದರೆ ತತ್ತಿ ಕೊಡಿ. ಉಳ್ಳಾಗಡ್ಡಿ ಮಾತ್ರ ಬೇಡ, ಅದು ನಾಯಿಗೆ ವಿಷ. ಬೆಕ್ಕಿಗೆ ನಿಮ್ಮ ವ್ರತ ಹಿಡಿಸಲು ಹೋಗಬೇಡಿ. ಟೌರಿನ್ ಎಂಬ ಪೋಷಕಾಂಶ ಅದಕ್ಕೆ ಮಾಂಸದಿಂದಲೇ ಬರಬೇಕು, ತಪ್ಪಿದರೆ ಕಣ್ಣು ಹೋಗುತ್ತದೆ, ಹೃದಯ ಕೆಡುತ್ತದೆ. ಇಲಿ ಹಿಡಿದರೆ ಬಯ್ಯಬೇಡಿ. ಮೀನು ತರಲು ಮನಸ್ಸಿಲ್ಲದಿದ್ದರೆ ಪಾಕೀಟಿನ ಬೆಕ್ಕಿನ ಆಹಾರ ತನ್ನಿ. ಅದರಲ್ಲೂ ಸಾಮಾನ್ಯವಾಗಿ ಮೀನೋ ಕೋಳಿಯೋ ಇರುತ್ತದೆ, ಮುಳ್ಳು ಕಾಣುವುದಿಲ್ಲ ಅಷ್ಟೇ.