ಗಾಲ್ಫ್ ಪಂದ್ಯಕ್ಕೆ ಹೋದರೆ ಚೆಂಡಿನ ಹಿಂದೆ ಅಲೆಯಬೇಡಿ, ಚೀಲದ ಹಿಂದೆ ನಡೆಯಿರಿ

ನಿಮ್ಮ ಪ್ರಶ್ನೆ ಇಷ್ಟು: ಊರು ಗೋಣಿಕೊಪ್ಪ, ಬುದ್ಧಿ ತಿಳಿದಾಗಿನಿಂದ ನೋಡಿದ್ದು ಹಾಕಿ ಒಂದೇ. ಮುಂದಿನ ತಿಂಗಳು ಭಾವನ ಜೊತೆ ಬೆಂಗಳೂರಿಗೆ ಹೋಗಿ ಮೊದಲ ಸಲ ವೃತ್ತಿಪರ ಗಾಲ್ಫ್ ಪಂದ್ಯ ನೋಡಲಿದ್ದೀರಿ. ಅಲ್ಲಿ ಏನನ್ನು ನೋಡಬೇಕು, ಆಟಗಾರರ ಆ ದೊಡ್ಡ ಚೀಲದಲ್ಲಿ ಅಷ್ಟೊಂದು ಕೋಲುಗಳು ಏಕೆ?

ನಾನು ವಿರಾಜಪೇಟೆ ಕಡೆಯವನು, ಕಾಫಿ ಮತ್ತು ಕರಿಮೆಣಸು ಬೆಳೆಯುತ್ತೇನೆ. ಶಾಲೆಗೆ ರಜೆ ಬಂತೆಂದರೆ ತೋಟದ ದೊರೆಯೊಬ್ಬರ ಗಾಲ್ಫ್ ಚೀಲ ಹೊರಲು ಹೋಗುತ್ತಿದ್ದೆ. ಬಳಿಕ ಬೆಂಗಳೂರಿನ ಪಂದ್ಯಗಳನ್ನು ಪ್ರೇಕ್ಷಕರಿಗೆ ಕಟ್ಟಿದ ಹಗ್ಗದ ಈಚೆ ನಿಂತು ಹಲವು ಸಲ ನೋಡಿದ್ದೇನೆ. ಆದ್ದರಿಂದ ನನ್ನ ಉತ್ತರ ಚೀಲ ಹೊತ್ತವನ ಕಡೆಯಿಂದಲೇ ಬರುತ್ತದೆ.

ಹಾಕಿ ನೋಡಿ ಬೆಳೆದ ನಮ್ಮ ಕಣ್ಣು ಚೆಂಡನ್ನು ಬಿಟ್ಟು ಅಗಲುವುದಿಲ್ಲ. ಗಾಲ್ಫ್‌ನಲ್ಲಿ ಅದೇ ಅಭ್ಯಾಸ ನಮಗೆ ಅಡ್ಡಿ. ಗಾಲ್ಫ್ ಚೆಂಡು 45.93 ಗ್ರಾಂ ಮೀರುವಂತಿಲ್ಲ. ಅಂದರೆ ಹಾಕಿ ಚೆಂಡಿನ ತೂಕದ ಮೂರನೇ ಒಂದು ಪಾಲೂ ಇಲ್ಲ. ಅಡ್ಡಳತೆ 42.67 ಮಿಲಿಮೀಟರ್‌ಗಿಂತ ಕಡಿಮೆ ಇರುವಂತಿಲ್ಲ, ಬಹುತೇಕ ಎಲ್ಲ ಚೆಂಡುಗಳೂ ಅಷ್ಟೇ ಇರುತ್ತವೆ. ಇಷ್ಟು ಚಿಕ್ಕ ವಸ್ತು ದೊಡ್ಡ ಆಟಗಾರನ ಡ್ರೈವರ್‌ನಿಂದ, ಅಂದರೆ ಅತಿ ದೂರ ಹೊಡೆಯುವ ಕೋಲಿನಿಂದ, ಗಂಟೆಗೆ ಸುಮಾರು 270 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ. ಕೋಲೂ ಚೆಂಡೂ ತಾಗಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಬಿಳಿ ಮೋಡವಿದ್ದ ದಿನವಂತೂ ಚೆಂಡು ಎಲ್ಲಿ ಹೋಯಿತೆಂದು ಪಕ್ಕದವರನ್ನೇ ಕೇಳಬೇಕು. ಕತ್ತೆತ್ತಿ ಆಕಾಶ ನೋಡುತ್ತ ನಿಂತವರು ಅದಕ್ಕಿಂತ ಮೊದಲಿನ ಮೂವತ್ತು ನಲವತ್ತು ಸೆಕೆಂಡುಗಳನ್ನು ಕಳೆದುಕೊಂಡಿರುತ್ತಾರೆ. ನನ್ನ ಮಟ್ಟಿಗೆ ಆಟ ಇರುವುದು ಆ ಸೆಕೆಂಡುಗಳಲ್ಲಿ.

ಆ ಹೊತ್ತಿನಲ್ಲಿ ನಡೆಯುವುದು ಇದು. ಆಟಗಾರ ಚೆಂಡಿನ ಬಳಿ ಬರುತ್ತಾನೆ. ಕ್ಯಾಡಿ, ಅಂದರೆ ಚೀಲ ಹೊರುವವನು, ಅದನ್ನು ಇಳಿಸಿ, ಜೇಬಿನಿಂದ ಅಂಗೈಯಗಲದ ಪುಸ್ತಕ ತೆಗೆಯುತ್ತಾನೆ. ಪ್ರತಿ ಹೋಲ್‌ನ (ಮೊದಲ ಹೊಡೆತದ ಜಾಗದಿಂದ ಚೆಂಡು ಬೀಳಬೇಕಾದ ಕುಳಿಯವರೆಗಿನ ಒಂದು ಹಂತದ) ನಕ್ಷೆ, ಬಂಕರ್ ಎಂಬ ಮರಳುಗುಂಡಿ ದಾಟಲು ಎಷ್ಟು ಗಜ, ಗ್ರೀನ್‌ನ, ಅಂದರೆ ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲಿನ, ಮುಂದಿನ ಅಂಚಿಗೆ ಎಷ್ಟು, ಕುಳಿಯ ಬಾವುಟಕ್ಕೆ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಆಟಗಾರ ಒಂದು ಚಿಟಿಕೆ ಹುಲ್ಲು ಕಿತ್ತು ಗಾಳಿಗೆ ತೂರುತ್ತಾನೆ. ಇಬ್ಬರೂ ಮರದ ತುದಿ ನೋಡುತ್ತಾರೆ, ಏಕೆಂದರೆ ನೆಲದಲ್ಲಿ ಬೀಸುವ ಗಾಳಿಯೇ ಮೇಲೆ ಬೀಸುತ್ತಿರುತ್ತದೆ ಎನ್ನುವಂತಿಲ್ಲ. ಆಟಗಾರನ ಕೈ ಒಂದು ಕೋಲಿನ ಮೇಲೆ ಹೋಗುತ್ತದೆ, ತಡೆಯುತ್ತದೆ, ಪಕ್ಕದ್ದಕ್ಕೆ ಸರಿಯುತ್ತದೆ. ಆಟದ ನಡುವೆ ಹೊಡೆತದ ಬಗ್ಗೆ ಅವನು ಸಲಹೆ ಕೇಳಬಹುದಾದದ್ದು ತನ್ನ ಕ್ಯಾಡಿಯನ್ನು ಮಾತ್ರ. ಎದುರಾಳಿಯನ್ನು ಕೇಳಿದರೆ ದಂಡ. ಹಗ್ಗದ ಹತ್ತಿರ ನಿಂತರೆ ಆ ಇಬ್ಬರ ಮಾತು ಒಂದೆರಡು ಸಲವಾದರೂ ನಿಮ್ಮ ಕಿವಿಗೆ ಬೀಳುತ್ತದೆ. "ಏಳೇ ಸಾಕು", "ಗಾಳಿ ಎದುರಿದೆ, ಆರು ತೆಗೆದುಕೊಳ್ಳಿ", ಇಷ್ಟೇ. ಏಳು, ಆರು ಎಂದರೆ ಕೋಲಿನ ಸಂಖ್ಯೆ. ಅಷ್ಟು ಕೇಳಿಸಿಕೊಂಡು ನೋಡಿದ ಹೊಡೆತಕ್ಕೂ ಸುಮ್ಮನೆ ನೋಡಿದ ಹೊಡೆತಕ್ಕೂ ಅಜಗಜಾಂತರ.

ಈಗ ಚೀಲದ ವಿಷಯ. ಹದಿನಾಲ್ಕು ಕೋಲು, ಅದಕ್ಕಿಂತ ಹೆಚ್ಚು ಇರಕೂಡದು. 1930ರ ದಶಕದ ಕೊನೆಯಲ್ಲಿ ಈ ಮಿತಿ ಬಂತು. ಅದಕ್ಕೆ ಮೊದಲು ಇಪ್ಪತ್ತಕ್ಕೂ ಹೆಚ್ಚು ಕೋಲು ತುಂಬಿಕೊಂಡು ಬರುವವರಿದ್ದರು, ಹೊರುವವರ ಬೆನ್ನಿನ ಗತಿ ಏನಾಗಿರಬೇಡ! ಈಗಲೂ ಮಳೆಕೋಟು, ಛತ್ರಿ, ನೀರು, ಚೆಂಡು, ಟವೆಲ್ ಎಲ್ಲ ಸೇರಿ ಹದಿನೆಂಟು ಇಪ್ಪತ್ತು ಕಿಲೋ ತೂಗುತ್ತದೆ. ಅದನ್ನು ಹೊತ್ತು ದಿನಕ್ಕೆ ಎಂಟರಿಂದ ಹತ್ತು ಕಿಲೋಮೀಟರ್ ನಡೆಯಬೇಕು, ನಾಲ್ಕು ದಿನ.

ಎಣಿಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ವೇಲ್ಸ್‌ನ ಆಟಗಾರ ಇಯಾನ್ ವೂಸ್ನಮ್ ಅವರ ಕಥೆ ಸಾಕು. 2001ರ ಬ್ರಿಟಿಷ್ ಓಪನ್, ರಾಯಲ್ ಲಿಥಮ್ ಕೋರ್ಸ್, ಕೊನೆಯ ದಿನ. ಬೆಳಿಗ್ಗೆ ಅಭ್ಯಾಸದಲ್ಲಿ ಎರಡು ಡ್ರೈವರ್‌ಗಳನ್ನು ಪರೀಕ್ಷಿಸಿದ್ದರು, ಎರಡೂ ಚೀಲದಲ್ಲೇ ಉಳಿದುಬಿಟ್ಟವು. ಅಲ್ಲಿ ಮೊದಲ ಹೋಲ್ ಪಾರ್ ಮೂರರದು, ಅಂದರೆ ಮೂರು ಹೊಡೆತದಲ್ಲಿ ಮುಗಿಸಬೇಕೆಂಬ ಲೆಕ್ಕದ್ದು; ಐರನ್ ಎಂಬ ಲೋಹದ ತಲೆಯ ಕೋಲು ಸಾಕು, ಡ್ರೈವರ್‌ಗೆ ಕೈ ಹಾಕುವ ಪ್ರಸಂಗವೇ ಇಲ್ಲ. ಅಲ್ಲಿ ಅದ್ಭುತವಾಗಿ ಆಡಿ, ಒಂದು ಹೊಡೆತ ಉಳಿಸಿ, ಮುಂಚೂಣಿಗೆ ಬಂದರು. ಎರಡನೇ ಹೋಲ್‌ನ ಟೀ ಬಳಿ, ಅಂದರೆ ಮೊದಲ ಹೊಡೆತದ ಜಾಗದಲ್ಲಿ, ಕ್ಯಾಡಿ ಬಾಯಿಬಿಟ್ಟಾಗಲೇ ಹದಿನೈದನೆಯ ಕೋಲಿನ ಸಂಗತಿ ತಿಳಿದದ್ದು. ಎರಡು ಹೊಡೆತಗಳ ದಂಡ. ಕೊನೆಗೆ ಜಂಟಿ ಮೂರನೇ ಸ್ಥಾನ. ಈ ಕಥೆ ನೆನಪಾದಾಗಲೆಲ್ಲ ನನಗೆ ಆ ಕ್ಯಾಡಿಯ ಹೊಟ್ಟೆಯ ಸಂಕಟ ನೆನೆದು ಕರುಳು ಚುರುಕ್ ಎನ್ನುತ್ತದೆ.

ಡ್ರೈವರ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮ್ಮ ಕಣ್ಣಿಗೆ ಮೊದಲು ಬೀಳುವುದೇ ಅದು. ತಲೆಯ ಗಾತ್ರ 460 ಘನ ಸೆಂಟಿಮೀಟರ್ ದಾಟುವಂತಿಲ್ಲ. ಒಳಗೆ ಟೊಳ್ಳು, ಮುಖ ಹೆಚ್ಚಾಗಿ ಟೈಟಾನಿಯಂ. ಹಿಂದೆ ಇದೇ ತಲೆಯನ್ನು ಪರ್ಸಿಮನ್ ಎಂಬ ಮರದಲ್ಲಿ ಕಡೆಯುತ್ತಿದ್ದರು, ಅದಕ್ಕೇ ಇಂದಿಗೂ ಆ ಬಗೆಯ ಕೋಲುಗಳನ್ನು 'ವುಡ್' ಎನ್ನುತ್ತಾರೆ.

ಐರನ್‌ಗಳಿಗೆ ಸಂಖ್ಯೆ ಇರುತ್ತದೆ. ಸಂಖ್ಯೆ ಏರಿದಂತೆ ಕೋಲು ಗಿಡ್ಡ, ಮುಖ ಹೆಚ್ಚು ಓರೆ, ಚೆಂಡು ಹೆಚ್ಚು ಎತ್ತರ, ದೂರ ಕಡಿಮೆ. ಒಂದಕ್ಕೂ ಮತ್ತೊಂದಕ್ಕೂ ಸುಮಾರು ಹತ್ತು ಹದಿನೈದು ಗಜಗಳ ಅಂತರ. ಇದು ಎಲ್ಲರೂ ಹೇಳುವ ಮಾತು. ನೀವು ಹುಡುಕಿ ನೋಡಬೇಕಾದದ್ದು ಬೇರೆ. ಅಭ್ಯಾಸದ ಜಾಗದಲ್ಲಿ ಚೀಲ ಹತ್ತಿರವಿದ್ದಾಗ ಏಳನೇ ಅಥವಾ ಎಂಟನೇ ಐರನ್‌ನ ಮುಖ ಕಾಣುತ್ತದೆಯೇ ನೋಡಿ. ಹೊಳೆಯುವ ಉಕ್ಕಿನ ಮೇಲೆ, ಗೀರುಗಳ ನಡುವೆ, ಒಂದು ರೂಪಾಯಿ ನಾಣ್ಯದಷ್ಟೇ ಅಗಲದ ಮಾಸಿದ ಮಚ್ಚೆ ಇರುತ್ತದೆ. ಸಾವಿರಾರು ಹೊಡೆತಗಳು ಅಲ್ಲೇ ಬಿದ್ದಿವೆ, ಆಚೀಚೆ ಉಕ್ಕು ಹೊಸದರಂತಿದೆ. ನಾನು ಹೊರುತ್ತಿದ್ದ ಚೀಲದ ಐರನ್‌ಗಳಲ್ಲಿ ಕಲೆಗಳು ಮುಖದ ತುಂಬ ಚೆಲ್ಲಿದ್ದವು. ಬೆಂಗಳೂರಿನಲ್ಲಿ ಆ ಮಚ್ಚೆಯನ್ನು ಮೊದಲ ಸಲ ಕಂಡಾಗ, ನಮ್ಮಲ್ಲಿ ನಲವತ್ತು ವರ್ಷ ಕಾಫಿ ಗಿಡ ಕಸಿ ಮಾಡಿದ ಮುದುಕನ ಕತ್ತಿ ನೆನಪಾಯಿತು. ಅದರ ಅಲಗೂ ಒಂದೇ ಕಡೆ ಸವೆದು ಚಂದ್ರನಂತೆ ಬಾಗಿತ್ತು. ವೃತ್ತಿಪರ ಎಂದರೆ ಯಾರೆಂದು ನನಗೆ ಅರ್ಥವಾದದ್ದು ಆ ಮಚ್ಚೆಯಿಂದ.

ಇನ್ನು ವೆಜ್, ತುಂಬ ಓರೆ ಮುಖದ ಗಿಡ್ಡ ಕೋಲು. ಮರಳು ತುಂಬಿದ ಬಂಕರ್‌ಗೆ ಚೆಂಡು ಬಿದ್ದರೆ ದಯವಿಟ್ಟು ಓಡಿ ಹೋಗಿ ಪಕ್ಕದಲ್ಲಿ ನಿಲ್ಲಿ. ಹೊಡೆಯುವ ಮೊದಲು ಆಟಗಾರ ಕೋಲಿನಿಂದ ಮರಳನ್ನು ಮುಟ್ಟಿ ನೋಡುವಂತಿಲ್ಲ. ಕಾಲನ್ನು ಹೊಸಕಿ ಹೊಸಕಿ ಮರಳಿನಲ್ಲಿ ಹೂಳುತ್ತಾನಲ್ಲ, ಅದು ನಿಲುವು ಗಟ್ಟಿ ಮಾಡಿಕೊಳ್ಳುವುದಕ್ಕೆ. ಅಡಿಯ ಮರಳು ಮೆತ್ತಗಿದೆಯೋ ಗಟ್ಟಿಯಿದೆಯೋ ಎಂಬುದೂ ಪಾದಕ್ಕೆ ತಿಳಿದುಬಿಡುತ್ತದೆ. ಆಮೇಲೆ ಚೆಂಡಿಗೆ ಹೊಡೆಯುವುದಿಲ್ಲ, ಚೆಂಡಿನ ಹಿಂದಿನ ಮರಳಿಗೆ ಹೊಡೆಯುತ್ತಾನೆ. ಕೋಲಿನ ತಳ ದೋಣಿಯ ಹೊಟ್ಟೆಯಂತೆ ಉಬ್ಬಿರುವುದರಿಂದ ಅದು ಮರಳಿನಲ್ಲಿ ಹೂತುಹೋಗದೆ ಜಾರುತ್ತದೆ, ಎದ್ದ ಮರಳೇ ಚೆಂಡನ್ನು ಹೊತ್ತು ಹೊರಗೆ ಇಳಿಸುತ್ತದೆ. ಈ ಉಬ್ಬು ತಳದ ಕೋಲನ್ನು ಬಳಕೆಗೆ ತಂದು ಹೆಸರಾದವರು ಅಮೆರಿಕದ ಜೀನ್ ಸಾರಾಜೆನ್. ಅದೇ ಕೋಲಿನ ಬಲದಿಂದ 1932ರಲ್ಲಿ ಬ್ರಿಟಿಷ್ ಓಪನ್ ಗೆದ್ದರು. ಒಳ್ಳೆಯ ಆಟಗಾರನ ಕೈಯಲ್ಲಿ ಆ ಹೊಡೆತದ ಸದ್ದು ಮೆತ್ತಗೆ 'ಧಪ್' ಎನ್ನುತ್ತದೆ. ಹೊಡೆದ ಮೇಲೆ ಕ್ಯಾಡಿಯನ್ನು ಗಮನಿಸಿ. ಟವೆಲ್‌ನ ಒದ್ದೆ ತುದಿಯಿಂದ ವೆಜ್‌ನ ಮುಖ ಒರೆಸಿ, ಗೀರುಗಳೊಳಗೆ ಕೂತ ಮರಳನ್ನು ಟೀಯ (ಚೆಂಡು ಎತ್ತರಿಸಿಡುವ ಪುಟ್ಟ ಗೂಟದ) ಮೊನೆಯಿಂದ ಒಂದೊಂದಾಗಿ ಕೆರೆದು ತೆಗೆಯುತ್ತಾನೆ. ಗೀರು ತುಂಬಿದ್ದರೆ ಮುಂದಿನ ಹೊಡೆತದಲ್ಲಿ ಚೆಂಡಿಗೆ ಹಿಮ್ಮುಖ ತಿರುಗು ಸಿಗದು, ಗ್ರೀನ್ ಮೇಲೆ ಬಿದ್ದ ಚೆಂಡು ನಿಲ್ಲದು. ಆಮೇಲೆ ಅವನೇ ಬಂಕರ್‌ನ ಮರಳನ್ನು ಕುಂಟೆಯಿಂದ ಎಳೆದು ಹೆಜ್ಜೆ ಗುರುತು ಅಳಿಸಿ ಬರುತ್ತಾನೆ.

ಚೆಂಡಿನ ಮೈಮೇಲೆ ಮುನ್ನೂರಕ್ಕೂ ಹೆಚ್ಚು ಕುಳಿಗಳಿರುವುದು ಅಂದಕ್ಕಲ್ಲ. ಹಳೆಯ ಕಾಲದ ನುಣುಪು ಚೆಂಡುಗಳು ಏಟು ತಿಂದು ಗಾಯವಾದ ಮೇಲೆಯೇ ಚೆನ್ನಾಗಿ ಹಾರುತ್ತವೆ ಎಂದು ಆಟಗಾರರು ಕಂಡುಕೊಂಡಿದ್ದರು. ಒರಟು ಮೈಗೆ ಗಾಳಿ ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ, ಹಿಂದಿನಿಂದ ಜಗ್ಗುವ ಸೆಳೆತ ಕಡಿಮೆಯಾಗುತ್ತದೆ. ನುಣುಪು ಚೆಂಡು ಹೆಚ್ಚುಕಡಿಮೆ ಅರ್ಧ ದೂರಕ್ಕೇ ಬಿದ್ದುಹೋಗುತ್ತದೆ.

ಕೊನೆಗೆ ಪಟರ್, ಗ್ರೀನ್ ಮೇಲೆ ಚೆಂಡನ್ನು ಕುಳಿಯತ್ತ ಉರುಳಿಸುವ ಕೋಲು. ಸುಮ್ಮನೆ ತಳ್ಳುವ ಕೋಲು ಎಂದುಕೊಳ್ಳಬೇಡಿ. ಪಾರ್ 72 ಎಂದರೆ ಅದರಲ್ಲಿ 36 ಹೊಡೆತ ಪಟರ್‌ನದೇ ಎಂಬ ಲೆಕ್ಕ, ಪ್ರತಿ ಗ್ರೀನ್‌ಗೆ ಎರಡು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನೆಯಿರಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್‌ನಲ್ಲಿ, ಅವರಿಗಿಂತ ದೂರ ಹೊಡೆಯುವವರೇ ಸುತ್ತಲೂ ಇದ್ದರು. ಅವರೆಲ್ಲರ ನಡುವೆ ಪಟರ್ ಬಲದಿಂದ ಕೊನೆಯ ದಿನದವರೆಗೂ ಪದಕದ ಸ್ಥಾನದಲ್ಲಿದ್ದು, ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಆ ಶನಿವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಕಾಫಿ ಆರಿ ತಣ್ಣಗಾಗಿತ್ತು, ಟಿವಿ ಮುಂದಿನಿಂದ ಯಾರೂ ಏಳಲಿಲ್ಲ. ಗಾಲ್ಫ್ ಎಂದರೆ ಮೂಗು ಮುರಿಯುತ್ತಿದ್ದ ನನ್ನ ಅಜ್ಜಿಯೂ ಕೇಳಿದ್ದು ಒಂದೇ ಪ್ರಶ್ನೆ: "ಆ ಮಗುವಿನ ಚೀಲ ಹೊತ್ತವರು ಯಾರು?" ಅದಿತಿಯವರ ತಾಯಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತಂದೆ ಹೊತ್ತಿದ್ದರು, ಟೋಕಿಯೊದಲ್ಲಿ ತಾಯಿ.

ಗ್ರೀನ್ ಬಳಿ ನಿಂತಾಗ ಮೌನವಾಗಿರಿ ಎಂದು ಎಲ್ಲರೂ ಹೇಳುತ್ತಾರೆ, ಮಾರ್ಷಲ್‌ಗಳು ಕೈ ಎತ್ತಿ ತೋರಿಸುತ್ತಾರೆ. ನಾನು ಇನ್ನೊಂದು ಸೇರಿಸುತ್ತೇನೆ: ನಿಮ್ಮ ನೆರಳನ್ನೂ ನೋಡಿಕೊಳ್ಳಿ. ಹದಿಮೂರನೇ ವಯಸ್ಸಿನಲ್ಲಿ ಒಂದು ಸಂಜೆ ನಾನು ನಿಂತ ಜಾಗದಿಂದ ನನ್ನ ನೆರಳು ಉದ್ದಕ್ಕೆ ಚಾಚಿ ದೊರೆಯ ಚೆಂಡಿನ ದಾರಿಗೆ ಅಡ್ಡ ಬಿದ್ದಿತ್ತು. ಅವರು ಬೈಯಲಿಲ್ಲ. ಪಟರ್ ಕೆಳಗಿಟ್ಟು ಬಂದು ನನ್ನ ಭುಜ ಹಿಡಿದು ಎರಡು ಹೆಜ್ಜೆ ಪಕ್ಕಕ್ಕೆ ನಿಲ್ಲಿಸಿ, ನೆರಳನ್ನು ಬೆರಳು ಮಾಡಿ ತೋರಿಸಿದರು. ಚೆಂಡು ಬೀಳಬೇಕಾದ ಕುಳಿಯ ಅಗಲ 108 ಮಿಲಿಮೀಟರ್. ಆರು ಅಡಿ ದೂರದಿಂದ ಅದರತ್ತ ನೋಡುವವನಿಗೆ ಅಲುಗುವ ನೆರಳು ಎಷ್ಟು ದೊಡ್ಡದೆಂದು ಅವತ್ತು ತಿಳಿಯಿತು.

ನಿಮ್ಮ ದಿನವನ್ನು ಹೀಗೆ ಹಂಚಿಕೊಳ್ಳಿ. ಪಂದ್ಯ ಸಾಮಾನ್ಯವಾಗಿ ನಾಲ್ಕು ದಿನ, ದಿನಕ್ಕೆ 18 ಹೋಲ್. ಎರಡು ದಿನವಾದ ಮೇಲೆ ಹಿಂದುಳಿದವರನ್ನು ಕೈಬಿಡುತ್ತಾರೆ. ಮೊದಲ ಎರಡು ದಿನಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಮೇಲು: ಜನ ಕಡಿಮೆ, ಆಟಗಾರರೆಲ್ಲ ಇರುತ್ತಾರೆ, ಹಗ್ಗದ ಅಂಚಿಗೇ ನಿಲ್ಲಬಹುದು. ಬೆಳಿಗ್ಗೆ ಮೊದಲು ಅಭ್ಯಾಸದ ಜಾಗ, ಒಂದು ಗಂಟೆ. ಆಮೇಲೆ ಒಂದು ಗುಂಪನ್ನು ಆರಿಸಿ ಒಂಬತ್ತು ಹೋಲ್ ಅವರ ಜೊತೆಗೇ ನಡೆಯಿರಿ. ಹೆಸರುವಾಸಿ ಆಟಗಾರರೇ ಬೇಕೆಂದಿಲ್ಲ, ಹಿಂದೆ ಜನಜಾತ್ರೆ ಇಲ್ಲದ ಗುಂಪೇ ಒಳ್ಳೆಯದು. ಮಧ್ಯಾಹ್ನ ಪಾರ್ ಮೂರರ ಒಂದು ಗ್ರೀನ್ ಬಳಿ ನೆರಳು ಹುಡುಕಿ ಕುಳಿತರೆ ಗುಂಪಾದ ಮೇಲೆ ಗುಂಪು ನಿಮ್ಮ ಮುಂದೆಯೇ ಬರುತ್ತದೆ. ಒಂದೇ ದೂರಕ್ಕೆ ಒಬ್ಬ ಆರನೇ ಐರನ್, ಇನ್ನೊಬ್ಬ ಎಂಟನೇ ಐರನ್ ತೆಗೆಯುವುದನ್ನು ಹೋಲಿಸಬಹುದು. ಹಿಮ್ಮಡಿ ಎತ್ತರವಿಲ್ಲದ ಬೂಟು, ಟೋಪಿ, ಸದ್ದು ಮುಚ್ಚಿದ ಮೊಬೈಲ್. ಯಾರಾದರೂ "ಫೋರ್!" ಎಂದು ಕೂಗಿದರೆ ತಿರುಗಿ ನೋಡಬೇಡಿ, ತಲೆಗೆ ಕೈ ಅಡ್ಡ ಹಿಡಿದು ಬಗ್ಗಿ.

ಬೆಂಗಳೂರಿಗೆ ಹೊರಡುವ ಮೊದಲು, ನಿಮ್ಮೂರಿಂದ ವಿರಾಜಪೇಟೆಗೆ ಬರುವ ದಾರಿಯಲ್ಲೇ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್ ಇದೆಯಲ್ಲ, ಕ್ಲಬ್‌ನವರನ್ನು ಮುಂಚಿತವಾಗಿ ಕೇಳಿಕೊಂಡು ಒಂದು ಬೆಳಿಗ್ಗೆ ಹೋಗಿ ಬನ್ನಿ. ಮಳೆ ಮುಗಿದು ಚಳಿ ಶುರುವಾದ ದಿನವಾಗಿದ್ದರೆ ಇನ್ನೂ ಒಳ್ಳೆಯದು. ಬಿಸಿಲು ಏರುವ ಮೊದಲು ಗ್ರೀನ್ ಮೇಲೆ ಇಬ್ಬನಿ ಬೆಳ್ಳಗೆ ಹಾಸಿರುತ್ತದೆ. ಮೊದಲ ಪಟ್ ಉರುಳಿದಾಗ ಚೆಂಡು ತಾನು ಹೋದ ದಾರಿಯನ್ನು ಆ ಇಬ್ಬನಿಯಲ್ಲಿ ಕಪ್ಪು ಗೆರೆಯಾಗಿ ಬಿಟ್ಟುಹೋಗುತ್ತದೆ. ನೆಲ ಸಪಾಟಾಗಿದೆ ಎಂದು ನೀವು ಅಂದುಕೊಂಡ ಕಡೆ ಆ ಗೆರೆ ಎಡಕ್ಕೆ ವಾಲಿ, ಕುಳಿಯ ಹತ್ತಿರ ಬಂದಾಗ ಇನ್ನಷ್ಟು ಬಾಗಿರುವುದು ಕಾಣುತ್ತದೆ. ಬಿಸಿಲು ಬಿದ್ದ ಅರ್ಧ ಗಂಟೆಯಲ್ಲಿ ಅಳಿಸಿಹೋಗುತ್ತದೆ, ಆದ್ದರಿಂದ ಏಳು ಗಂಟೆಗೆ ಮುಂಚೆ ಅಲ್ಲಿರಿ.