ಎಬಿಸಿಡಿಗಿಂತ ಮೊದಲು ಟಿಫಿನ್ ಡಬ್ಬಿ

ಜೂನ್‌ಗೆ ಮಗಳು ಎಲ್‌ಕೆಜಿ, ಇನ್ನೂ ಕೈತುತ್ತೇ ಬೇಕು, ಏನು ಕಲಿಸಲಿ ಅಂತ ಕೇಳಿದ್ದೀರಿ. ಎಬಿಸಿಡಿ ಸದ್ಯಕ್ಕೆ ಬಿಡಿ ಮಾರಾಯ್ರೇ. ಶಾಲೆಗೆ ಒಯ್ಯುವ ಡಬ್ಬಿಯನ್ನು ಈಗಲೇ ತನ್ನಿ, ಸಂಜೆಯ ತಿಂಡಿ ಅದರಲ್ಲೇ ಕೊಡಿ. ಮುಚ್ಚಳ ಅವಳೇ ತೆಗೆಯಲಿ. ತೀರಾ ಬಿಗಿ ಇದ್ದರೆ ಡಬ್ಬಿ ಬದಲಿಸಿ. ನೀರುದೋಸೆ ಹರಿದು ತಿನ್ನಲು ಸುಲಭ, ಗಂಜಿ ಆಮೇಲೆ ನೋಡಿದರಾಯ್ತು. ಚೆಲ್ಲುತ್ತಾಳೆ, ಚೆಲ್ಲಲಿ. ಅಜ್ಜಿ ನಡುವೆ ತುತ್ತು ಹಿಡಿದು ಬರದ ಹಾಗೆ ನೋಡಿಕೊಳ್ಳಿ, ಕಷ್ಟದ ಕೆಲಸ ಅದೇ!

ಗುಂಡಿಯ ಬದಲು ಇಲಾಸ್ಟಿಕ್ ಚಡ್ಡಿ ಇರಲಿ. "ಟೀಚರ್, ಸುಸು" ಅಂತ ಗಟ್ಟಿಯಾಗಿ ಹೇಳಿಸಿ. ಲೇಸ್ ಕಟ್ಟುವುದು ಸಾಮಾನ್ಯವಾಗಿ 5–6 ವರ್ಷಕ್ಕೆ ಬರುತ್ತದೆ, ಈಗ ವೆಲ್ಕ್ರೋ ಶೂ ಸಾಕು. ಮತ್ತೆ, ನಮ್ಮ ಉಡುಪಿಯಲ್ಲಿ ಶಾಲೆಯೂ ಮಳೆಯೂ ಒಟ್ಟಿಗೇ ಶುರು, ಅಲ್ವಾ? ರೈನ್‌ಕೋಟ್ ಹಾಕಿ ಬಿಚ್ಚುವುದನ್ನು ಮೇ ತಿಂಗಳಲ್ಲೇ ಆಟದ ಹಾಗೆ ಮಾಡಿಸಿ. ಒದ್ದೆ ತೋಳಿನಲ್ಲಿ ಕೈ ಸಿಕ್ಕಿಕೊಂಡರೆ ಅಳು ಗ್ಯಾರಂಟಿ.