ಕಾಡಂಚಿನ ಹಲಸಿನ ಘಟಕ: ಮೆಷಿನ್ ಆಮೇಲೆ, ಮೊದಲು ಲೈನ್‌ಮನ್

ಹಲಸಿನ ಸೀಸನ್ ಬಂತೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ನಮೂನೆ. ಈ ಸಲ ಒಟ್ಟಿಗೇ ಉತ್ತರಿಸಿಬಿಡುತ್ತೇನೆ.

ಪ್ರಶ್ನೆ: ನನಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಸಕಲೇಶಪುರ ತಾಲ್ಲೂಕಿನ ಬಿಸಿಲೆ ಕಡೆ ಅಜ್ಜನ ತೋಟವಿದೆ, ಹಲಸು ಉದುರಿ ಕೊಳೆಯುತ್ತಿದೆ. ಅಲ್ಲೇ ಪಲ್ಪ್ (ಅರೆದ ತಿರುಳು) ಘಟಕ, ಕೋಲ್ಡ್ ಸ್ಟೋರೇಜ್ ಕಟ್ಟಬೇಕೆಂದಿದ್ದೇನೆ. ಮಳೆ ಸೀಮೆ, ನೀರಿಗೆ ಬರವಿಲ್ಲ. ಯಾವ ಮೆಷಿನ್ ಒಳ್ಳೆಯದು?

ಉತ್ತರ: ಹೋದ ಜುಲೈಯಲ್ಲಿ ಎಷ್ಟು ದಿನ ಕರೆಂಟ್ ಇರಲಿಲ್ಲ ಎಂದು ಅಲ್ಲಿನ ಲೈನ್‌ಮನ್‌ನನ್ನು ಕೇಳಿದ್ದೀರಾ? ಹಲಸು ಹಣ್ಣಾಗುವುದೂ ಮುಂಗಾರು ಹಿಡಿಯುವುದೂ ಒಟ್ಟೊಟ್ಟಿಗೆ. ಮರ ಬಿದ್ದು ತಂತಿ ಹರಿದರೆ, ಮೈನಸ್ 18 ಡಿಗ್ರಿಯಲ್ಲಿರಬೇಕಾದ ಪಲ್ಪನ್ನು ಡೀಸೆಲ್ ಸುರಿದು ಕಾಯಬೇಕು. ರಸ್ತೆ ಕುಸಿದರೆ ಡೀಸೆಲ್ಲೂ ಇಲ್ಲ. ಇನ್ನು ನೀರು: ಕಾಯಿ ಬಲಿಯುವ ಏಪ್ರಿಲ್‌ನಲ್ಲಿ ಹಳ್ಳ ಸೊರಗಿರುತ್ತದೆ, ಜುಲೈಯಲ್ಲಿ ಕೆಂಪಗೆ ಹರಿಯುತ್ತದೆ. ಎರಡನ್ನೂ ನಂಬಿ ಘಟಕ ಕಟ್ಟಲಾಗದು.

ಹಾಗೆಂದು ಇಡೀ ಹಣ್ಣನ್ನು ಬೆಂಗಳೂರಿಗೆ ತುಂಬಿಸಿ ತರಬೇಡಿ. ತಿನ್ನುವ ತೊಳೆ ಸುಮಾರು ಮೂರನೇ ಒಂದು ಪಾಲು. ಮಿಕ್ಕ ಲಾರಿ ಬಾಡಿಗೆಯೆಲ್ಲ ಸಿಪ್ಪೆಗೆ, ದಿಂಡಿಗೆ. ತೋಟದಲ್ಲಿ ಬಿಡಿಸಿ, ಕೆಡದಂತೆ ಮಾಡಿ, ಅಷ್ಟೇ. ಉಳಿದ ಕೆಲಸ ಹಾಸನದಲ್ಲೋ ಬೆಂಗಳೂರಲ್ಲೋ ಆಗಲಿ. ಅಜ್ಜಿಯಂದಿರ ಭರಣಿಯ ಉಪ್ಪುಸೊಳೆಗೆ, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಕಾಯಿತೊಳೆಗೆ, ಯಾವ ಟ್ರಾನ್ಸ್‌ಫಾರ್ಮರ್ ಇತ್ತು? ಬಲಿತ ಕಾಯಿಗೆ ಈಗಲೂ ಅದೇ ದಾರಿ, ಭರಣಿಯ ಬದಲು ಡ್ರಮ್ಮು. ಹಣ್ಣಿನ ಪಲ್ಪೇ ಬೇಕೆಂದರೆ ಸಿಟ್ರಿಕ್ ಆಸಿಡ್ ಹಾಕಿ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4ಕ್ಕಿಂತ ಕೆಳಗಿಳಿಸಿ, ಕಾಯಿಸಿ, ಬಿಸಿಯಲ್ಲೇ ತುಂಬಿ ಮುಚ್ಚಿ. ‘ಚೆನ್ನಾಗಿ ಕುದಿಸಿದರೆ ಸಾಕು’ ಎನ್ನುವ ಯೂಟ್ಯೂಬ್ ಪಂಡಿತರ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹಲಸಿನ ಪಿಎಚ್ 4.6ಕ್ಕಿಂತ ಮೇಲೆ, ಅಂದರೆ ತಡೆಯುವಷ್ಟು ಹುಳಿ ಇಲ್ಲ; ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣ ಕುದಿಯುವ ನೀರಿಗೂ ಬಗ್ಗುವುದಿಲ್ಲ, ಮುಚ್ಚಿದ ಡಬ್ಬಿಯೊಳಗೆ ವಿಷ ಮಾಡುತ್ತದೆ. ಪಿಎಚ್ ಮೀಟರ್ ಕೊಳ್ಳಲು ಜಿಪುಣತನ ಮಾಡುವವರು ಹಪ್ಪಳ ಮಾಡಿಕೊಂಡಿರಲಿ.

ಸಿಪ್ಪೆ ಎಲ್ಲಿ ಹಾಕುತ್ತೀರೆಂದು ನೀವು ಬರೆದೇ ಇಲ್ಲ. ಆ ಸೀಮೆಯಲ್ಲಿ ಹಲಸಿನ ವಾಸನೆಗೆ ಬರುವ ಮೊದಲ ಗಿರಾಕಿ ಆನೆ. ದಿನದ ಸಿಪ್ಪೆ ಕತ್ತಲಾಗುವುದರೊಳಗೆ ಊರಿನ ಕೊಟ್ಟಿಗೆಗಳಿಗೆ ಹೋಗಿಬಿಡಬೇಕು.

ಪ್ರಶ್ನೆ: ಪುನರ್ಪುಳಿ (ಕೋಕಂ) ಸಿರಪ್‌ಗೆ ಕೆಡದಂತೆ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಹಾಕುತ್ತೇನೆ. ಆದರೂ ಬಣ್ಣ ಹೋಗುತ್ತದೆ.

ಉತ್ತರ: ಹಾಕುವುದರಿಂದಲೇ ಹೋಗುತ್ತಿದೆ. ಅದರ ಗಂಧಕದ ಅನಿಲ ಕೆಂಪು ಬಣ್ಣವನ್ನು ತಿನ್ನುತ್ತದೆ.

ಪ್ರಶ್ನೆ: ಹಲಸಿನ ಪುಡಿ ಪೊಟ್ಟಣದ ಮೇಲೆ ‘ಸಕ್ಕರೆ ಕಾಯಿಲೆ ವಾಸಿ’ ಎಂದು ಅಚ್ಚು ಹಾಕಿಸಬಹುದೇ?

ಉತ್ತರ: ಕಾನೂನು ಒಪ್ಪುವುದಿಲ್ಲ. ನಾನೂ ಒಪ್ಪುವುದಿಲ್ಲ.